ವಿಂಡೋಸ್ 11ಕ್ಕೆ ಏರಿಸಿದೆ, ನೆಟ್ ಹೋಯಿತು: ಬಾಗಲಕೋಟೆ ಗುಂಪಿನ ಪ್ರಶ್ನೋತ್ತರ

ನವನಗರದ ಲೆಕ್ಕಿಗ: ಸರ್, ನಿನ್ನೆ ವಿಂಡೋಸ್ 10ರಿಂದ 11ಕ್ಕೆ ಏರಿಸಿದೆ. ಈಗ ಕೇಬಲ್ ಚುಚ್ಚಿದರೂ ನೆಟ್ ಇಲ್ಲ, ವೈಫೈ ಇದ್ದೂ ಇಲ್ಲ. ಹಸಿರು ದೀಪ ಮಾತ್ರ ಮಿಣುಕುತ್ತಿದೆ. 20ರೊಳಗೆ ಜಿಎಸ್‌ಟಿ ತುಂಬಬೇಕು. ಮುಖ್ಯ ಕಚೇರಿಯ ಜಾಲಕ್ಕೆ ಇಲ್ಲಿಂದಲೇ ಸೇರಿಸುವ ಹಳೆಯ ವಿಪಿಎನ್ ತಂತ್ರಾಂಶ ಇತ್ತು, ಮೊದಲೇ ಅಳಿಸಿದ್ದೆ.

ತಂತ್ರಜ್ಞ: ಅಳಿಸಿದ್ದು ಹೇಗೆ?

ಲೆಕ್ಕಿಗ: ಫೋಲ್ಡರನ್ನೇ ಡಿಲೀಟ್ ಮಾಡಿದೆ.

ತಂತ್ರಜ್ಞ: ಅಲ್ಲೇ ಎಡವಿದ್ದೀರಿ. ಅಂಥ ಹಳೆಯ ವಿಪಿಎನ್, ನೆಟ್‌ವರ್ಕ್ ಕಾರ್ಡಿಗೆ ಒಂದು ಫಿಲ್ಟರ್ ಡ್ರೈವರ್ (ಸೋಸುವ ಪುಟ್ಟ ತಂತ್ರಾಂಶ) ಅಂಟಿಸಿರುತ್ತದೆ. ಹೋಗುವುದು ಬರುವುದು ಎಲ್ಲವೂ ಅದನ್ನು ದಾಟಬೇಕು. ಫೋಲ್ಡರ್ ಹೋದರೂ ಆ ಗಂಟು ಬಿಚ್ಚುವುದಿಲ್ಲ. 2015ರಲ್ಲಿ ವಿಂಡೋಸ್ 10 ಬಂದಾಗಲೂ ಹಳೆಯ ವಿಪಿಎನ್ ಇದ್ದ ಎಷ್ಟೋ ಯಂತ್ರಗಳಲ್ಲಿ ವೈಫೈ ಹೀಗೆಯೇ ಮಾಯವಾಗಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆಯಿರಿ. ಪಟ್ಟಿಯಲ್ಲಿ ವಿಪಿಎನ್ ಹೆಸರಿನ ಸಾಲಿದ್ದರೆ ಅದರ ಮುಂದಿನ ಗುರುತು ತೆಗೆಯಿರಿ. ನೆಟ್ ಬಂದರೆ ಕಳ್ಳ ಸಿಕ್ಕ; ಅದೇ ಸಾಲನ್ನು ಆರಿಸಿ ಅನ್‌ಇನ್‌ಸ್ಟಾಲ್ ಒತ್ತಿರಿ. ನೆಟ್‌ನ ಎಲ್ಲ ಸೆಟ್ಟಿಂಗ್ ಮೊದಲಿನಂತೆ ಮಾಡುವ ನೆಟ್‌ವರ್ಕ್ ರೀಸೆಟ್‌ಗೆ ಈಗಲೇ ಕೈ ಹಾಕಬೇಡಿ. ಕೈಯಾರೆ ತುಂಬಿದ ಐಪಿ ವಿಳಾಸವೂ ಅದರಲ್ಲಿ ತೊಳೆದುಹೋಗುತ್ತದೆ.

ಇಳಕಲ್ ಸೀರೆ ಅಂಗಡಿ: ನಮ್ಮಲ್ಲಿ ನೆಟ್ ಇದೆ, ಆದರೆ ಬಿಲ್ಲಿನ ಶೇರ್ಡ್ ಫೋಲ್ಡರ್ ತೆರೆಯುತ್ತಿಲ್ಲ. ಪಾಸ್‌ವರ್ಡ್ ಇಟ್ಟಿಲ್ಲ.

ತಂತ್ರಜ್ಞ: ನಿಮ್ಮದು ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಇರಬೇಕು. ಪಾಸ್‌ವರ್ಡ್ ಇಲ್ಲದ ಪ್ರವೇಶಕ್ಕೆ ಅದು ಬಾಗಿಲು ತೆರೆಯುವುದಿಲ್ಲ. ಪಾಸ್‌ವರ್ಡ್ ಇಡಿರಿ.

ಬಾದಾಮಿ ಸದಸ್ಯ: ನನ್ನ ಪ್ರಿಂಟರ್ ಸಹ ಮಾತು ಕೇಳುತ್ತಿಲ್ಲ ಸರ್.

ಜಮಖಂಡಿ ಸದಸ್ಯ: ಬಂದದ್ದನ್ನು ಕಳಿಸಿದ್ದೇನೆ: "ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿ, ನೆಟ್ ತಾನೇ ಬರುತ್ತದೆ."

ತಂತ್ರಜ್ಞ: ಯಾರೂ ಅಳಿಸಬೇಡಿ! ಹಳೆಯ ವಿಂಡೋಸ್‌ಗೆ ಮರಳಲು 10 ದಿನಗಳ ಅವಕಾಶವಿದೆ, ಆ ದಾರಿ ಇರುವುದೇ ಆ ಫೋಲ್ಡರಿನಲ್ಲಿ. ಹೊಟ್ಟೆನೋವಿಗೆ ಕಾಲಿಗೆ ಲೇಪ ಹಚ್ಚುವ ಇಂಥವನ್ನು ಓದಿಯಾದರೂ ಕಳಿಸಿರಿ.

ಜಮಖಂಡಿ: 10 ಇದ್ದಾಗ ಈ ರಗಳೆಯೇ ಇರಲಿಲ್ಲ.

ಮುಧೋಳ ಸದಸ್ಯ: ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು.

ಜಮಖಂಡಿ: ನನ್ನ ಕಂಪ್ಯೂಟರ್ ನಿಂತಿಲ್ಲವಲ್ಲ!

ಮುಧೋಳ: ಬೀಗ ತುಕ್ಕು ಹಿಡಿದರೂ ಬಾಗಿಲು ನಿಂತೇ ಇರುತ್ತದೆ.

ಜಮಖಂಡಿ: ಕಂಪ್ಯೂಟರ್ ಮಾರುವವರು ನೀವು, ಇನ್ನೇನು ಹೇಳುತ್ತೀರಿ?

ಮುಧೋಳ: ನಾನು ಮಾರುವುದು ಬೆಲ್ಲ.

ಗುಳೇದಗುಡ್ಡ ಸದಸ್ಯ: ಸರ್, ನಾನೂ 11 ಹಾಕಿದೆ, ನೆಟ್ ಇಲ್ಲ. ಏನು ಮಾಡಲಿ?

ತಂತ್ರಜ್ಞ: ಮೇಲೆ ಓದಿರಿ.

ಗುಳೇದಗುಡ್ಡ: ಓದಲು ವೇಳೆ ಇಲ್ಲ ಸರ್, ಒಂದೇ ಮಾತಿನಲ್ಲಿ ಹೇಳಿರಿ.

ತಂತ್ರಜ್ಞ: ಓದಿರಿ.

ಲೆಕ್ಕಿಗ: ಗುರುತು ತೆಗೆದೆ, ನೆಟ್ ಬಂತು! ಆದರೆ ಅನ್‌ಇನ್‌ಸ್ಟಾಲ್ ಗುಂಡಿ ಮಂಕಾಗಿದೆ, ಒತ್ತಿದರೆ ಕೇಳುತ್ತಿಲ್ಲ.

ತಂತ್ರಜ್ಞ: ಹಾಗಾದರೆ ಅದೇ ವಿಪಿಎನ್ ಮತ್ತೆ ಹಾಕಿ, ಸೆಟ್ಟಿಂಗ್ಸ್‌ನಿಂದ ಕ್ರಮವಾಗಿ ತೆಗೆಯಬೇಕಾದೀತು. 11ಕ್ಕೆ ಹೊಂದುವ ಹೊಸದನ್ನು ಮುಖ್ಯ ಕಚೇರಿಯಿಂದಲೇ ಕೇಳಿ ಪಡೆಯಿರಿ. ಇಂದು ವಿಪಿಎನ್ ಮುಟ್ಟಬೇಡಿ. ಮೊದಲು ಜಿಎಸ್‌ಟಿ ತುಂಬಿರಿ.