‘ಸ್ಥಳೀಯ ಔಷಧ’ ಅಂದರೆ ಓದುವವರಿಗೆ ಏನು ತಿಳಿಯುತ್ತದೆ?

ಮಂಡಿನೋವು, ಸೊಂಟನೋವು ಇರುವವರಿಗಾಗಿ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೋವಿರುವ ಜಾಗಕ್ಕೇ ಔಷಧ ಕೊಟ್ಟು, ಅದು ಅಲ್ಲೇ ಉಳಿದು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಬರುವ ಹಾಗೆ ಮಾಡುತ್ತಾರಲ್ಲ, ಅದಕ್ಕೆ ‘ದೀರ್ಘಕಾಲೀನ ಸ್ಥಳೀಯ ಔಷಧ ಬಿಡುಗಡೆ’ ಅಂತ ಬರೆದಿದ್ದೆ. ಅಮ್ಮನಿಗೂ ಮಂಡಿನೋವಿದೆ, ಓದಲು ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, “ಇದು ನಾಟಿ ಔಷಧಾನಾ?” ಅಂದರು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಸ್ಥಳೀಯ ಜನ, ಸ್ಥಳೀಯ ತಳಿ ಅಂತ ಓದಿ ಅಭ್ಯಾಸವಾದವರಿಗೆ ಸ್ಥಳೀಯ ಔಷಧ ಅಂದರೆ ಇಲ್ಲೇ ಸಿಗುವ ಔಷಧ ಅಂತಲೇ ಅನ್ನಿಸುತ್ತದೆ, ಅಲ್ವಾ? ‘ದೀರ್ಘಕಾಲ’ದ ಕಷ್ಟ ಇನ್ನೂ ಜಾಸ್ತಿ. ‘ದೀರ್ಘಕಾಲದ ನೋವಿನ ಔಷಧ’ ಅಂದರೆ ಬಹಳ ದಿನದಿಂದ ಇರುವುದು ನೋವಾ, ಬಹಳ ದಿನ ಕೆಲಸ ಮಾಡುವುದು ಔಷಧವಾ? ವರ್ಷಗಟ್ಟಲೆ ತೆಗೆದುಕೊಳ್ಳಬೇಕೇನೋ ಅಂತ ಹೆದರುವವರೂ ಇರಬಹುದು.

ಹೇಳಬೇಕಾದ ವಿಷಯ ಇಷ್ಟು. ನುಂಗಿದ ಮಾತ್ರೆ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ, ಹೊಟ್ಟೆಗೂ ಕಿಡ್ನಿಗೂ ತೊಂದರೆ ಕೊಡಬಹುದು. ಮಂಡಿಯೊಳಕ್ಕೇ ಸ್ಟೀರಾಯ್ಡ್ (ಊತ, ನೋವು ತಗ್ಗಿಸುವ ಔಷಧ) ಚುಚ್ಚಿದರೆ ಆ ಸುತ್ತು ಬಹುಪಾಲು ತಪ್ಪುತ್ತದೆ, ಆದರೆ ಅದು ಅಲ್ಲಿಂದ ಬೇಗ ಖಾಲಿಯಾಗುತ್ತದೆ. ಅದಕ್ಕೇ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡನ್ನು ಧೂಳಿನಷ್ಟು ಚಿಕ್ಕ ಪಾಲಿಮರ್ (ಮೈಯೊಳಗೆ ಕರಗುವ ಒಂದು ಬಗೆಯ ಪ್ಲಾಸ್ಟಿಕ್) ಗುಂಡುಗಳಲ್ಲಿ ಸೇರಿಸುತ್ತಾರೆ. ಗುಂಡು ಕರಗುತ್ತಾ ಹೋದ ಹಾಗೆ ಔಷಧ ಹೊರಬರುತ್ತದೆ, ಸುಮಾರು 12 ವಾರ. ಪಾಲಿಮರ್ ಒಡೆದು ಲ್ಯಾಕ್ಟಿಕ್ ಆಮ್ಲ, ಗ್ಲೈಕಾಲಿಕ್ ಆಮ್ಲ ಆಗುತ್ತದೆ, ಅವನ್ನು ಮೈಯೇ ಹೊರಹಾಕುತ್ತದೆ. ಇಂಥ 32 ಮಿಲಿಗ್ರಾಂನ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಮಂಡಿ ಸವೆತದ ನೋವಿಗೆ, ಬೆನ್ನಿಗಲ್ಲ.

ಈಗ ಪದಕ್ಕೆ ಬರುತ್ತೇನೆ. ‘ಸೋರುವ’ ಬೇಡ, ಸೋರುತ್ತಿದೆ ಅಂದರೆ ಎಲ್ಲೋ ತೂತಾಗಿದೆ ಅಂತ ಅರ್ಥ. ‘ಇಟ್ಟ ಮದ್ದು’ ಅಂತೂ ಬೇಡವೇ ಬೇಡ. ಮದ್ದು ಇಡುವುದು, ಮದ್ದು ಹಾಕುವುದು ಅಂದರೆ ಗೊತ್ತಾಗದ ಹಾಗೆ ಕೆಟ್ಟದ್ದನ್ನು ತಿನ್ನಿಸುವುದು ಅನ್ನುವ ಭಯ ಜನರ ಮಾತಿನಲ್ಲಿ ಇನ್ನೂ ಇದೆ. ನನಗೆ ಹಿಡಿಸಿರುವುದು ‘ಜಿನುಗುಮದ್ದು’. ಚುಚ್ಚುಮದ್ದು ಆದ ಹಾಗೆಯೇ ಇದೂ ಆಗುತ್ತದೆ. ನಿಧಾನವಾಗಿ, ಬಿಡದೆ ಅನ್ನುವುದು ಜಿನುಗು ಅನ್ನುವ ಒಂದೇ ಮಾತಿನಲ್ಲಿ ಬಂತು. ‘ಸ್ಥಳೀಯ’ ಬಿಟ್ಟು ಜಾಗದ ಹೆಸರನ್ನೇ ಹೇಳಿದರೆ ಆಯಿತು: “ಮಂಡಿಯೊಳಗೇ ಉಳಿದು ಮೂರು ತಿಂಗಳು ಜಿನುಗುವ ಮದ್ದು.”

ಎರಡು ಅನುಮಾನ ಉಳಿದಿವೆ. ಗಾಯದಿಂದ ಕೀವೂ ಜಿನುಗುತ್ತದೆ, ನೋವಿನಲ್ಲಿರುವವರಿಗೆ ಮೊದಲು ಅದೇ ನೆನಪಾದರೆ? ‘ಒಸರು’ ಇದಕ್ಕಿಂತ ವಾಸಿಯಾ? ಇನ್ನೊಂದು, ಸೊಂಟಕ್ಕೆ ಅಂಟಿಸುವ ಲಿಡೊಕೇನ್ (ಹಚ್ಚಿದ ಜಾಗವನ್ನು ಮರಗಟ್ಟಿಸುವ ಔಷಧ) ಪಟ್ಟಿ. ಅದನ್ನು 12 ಗಂಟೆ ಇಟ್ಟು ತೆಗೆಯುತ್ತಾರೆ, ಔಷಧ ಚರ್ಮದೊಳಕ್ಕೆ ಇಳಿಯುತ್ತದೆ. ಅಲ್ಲಿ ನೀರು ನೆಲಕ್ಕೆ ಇಂಗಿದ ಹಾಗೆ ‘ಇಂಗು’ ಅನ್ನುವುದೇ ಸರಿ ಅನ್ನಿಸುತ್ತಿದೆ. ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಳ್ಳಲಾ, ಅಥವಾ ಎರಡಕ್ಕೂ ಸಲ್ಲುವ ಮಾತು ನಿಮ್ಮ ಕಡೆ ಬಳಕೆಯಲ್ಲಿದೆಯಾ?