ಟಿಎಸ್‌ಆರ್ 72 ಬಂದಿದೆ, ಸುಣ್ಣವೋ ಲಿಕ್ವಿಡ್ಡೋ?

ತೀರ್ಥಹಳ್ಳಿ ಸೈಟ್: ವಿಜಿ-30 ದರ್ಜೆ ಡಾಂಬರಿನ ಮಿಕ್ಸ್. ಒಣ ಸ್ಯಾಂಪಲ್‌ನ ಕರ್ಷಕ ಬಲ 820 ಕೆಪಿಎ, ನೀರಲ್ಲಿಟ್ಟದ್ದರದು 590, ಅಂದರೆ ಒಣದರ ಶೇ. 72; ಇದೇ ಟಿಎಸ್‌ಆರ್. ಬೇಕಿರೋದು ಶೇ. 80. ಆಗುಂಬೆ ಕಡೆಯ ರಸ್ತೆ, ಮಳೆಗೆ ಮೊದಲು ಮುಗಿಸಬೇಕು. ಅನುಭವ ಇದ್ದವರು ಹೇಳಿ.

ಹೊಸನಗರ ಕಂಟ್ರಾಕ್ಟರ್: ನಾನು ಆ್ಯಂಟಿ ಸ್ಟ್ರಿಪ್ಪಿಂಗ್ ಲಿಕ್ವಿಡ್ (ನೀರಿಗೆ ಡಾಂಬರು ಜಲ್ಲಿ ಬಿಡದ ಹಾಗೆ ಬೆರೆಸೋದು) ನಂಬಿ ಕೆಟ್ಟವನು. ಲ್ಯಾಬಲ್ಲಿ 84 ಬಂತು. ಆಮೇಲೆ ಡಾಂಬರು ಹಾಸೋ ಪೇವರ್ ಯಂತ್ರ ಕೆಟ್ಟು, ಲಿಕ್ವಿಡ್ ಬೆರೆಸಿದ ಡಾಂಬರು ಮೂರು ದಿನ ಟ್ಯಾಂಕಲ್ಲೇ ಬಿಸಿಯಲ್ಲಿ ಕೂತಿತು. ಹಾಗೆ ಕಾದರೆ ಅದರ ಶಕ್ತಿ ಇಳಿಯುತ್ತೆ ಅಂತ ಮಾರಿದವನು ಬಾಯೇ ಬಿಡಲಿಲ್ಲ. ಜುಲೈಯಲ್ಲಿ ಗುಂಡಿಯ ಅಂಚು ಮುರಿದು ನೋಡಿದರೆ ಜಲ್ಲಿ ತೊಳೆದಿಟ್ಟ ಹಾಗೆ ಬೋಳು. ತೇಪೆಗೆ 1,43,500, ರೋಲರ್ ಬಾಡಿಗೆ 18,000, ಡೀಸೆಲ್ ಬೇರೆ. ಠೇವಣಿ ಇನ್ನೂ ಬಂದಿಲ್ಲ. ಸುಣ್ಣ ಹಾಕಿ.

ಸಾಗರ ಪ್ಲಾಂಟ್: ಹೇಳೋದು ಸುಲಭ. ಶೇ. 2 ಸುಣ್ಣ ಅಂದರೆ ನೂರು ಟನ್ನಿಗೆ 25 ಕೆಜಿಯ 80 ಚೀಲ. ನಮ್ಮಲ್ಲಿ ಸುಣ್ಣ ತುಂಬಿಡೋ ಸೈಲೊ ಇಲ್ಲ, ಹುಡುಗರು ಕೈಯಲ್ಲೇ ಸುರಿದರು, ಒಬ್ಬನ ಕಣ್ಣು ಉರಿದು ಆಸ್ಪತ್ರೆಗೆ ಓಡಿದೆವು. ಥಂಡಿಗೆ ಗಟ್ಟಿಯಾಗಿ 31 ಚೀಲ ಎಸೆದೆ. ಆದರೂ 86 ಬಂತು, ಎರಡು ಮಳೆಗಾಲಕ್ಕೆ ಒಂದು ಗುಂಡಿ ಇಲ್ಲ. ಪೇವರ್ ನೋಡಿಕೊಳ್ಳದವರು ಲಿಕ್ವಿಡ್ಡಿಗೆ ಯಾಕೆ ಬೈತೀರಿ?

ಹೊಸನಗರ ಕಂಟ್ರಾಕ್ಟರ್: ಪೇವರ್ ಬಾಡಿಗೆದು ಸ್ವಾಮಿ. ನಿಮ್ಮ ಬಯಲುಸೀಮೆ ಮಳೆ ಬಿಡಿ, ಹುಲಿಕಲ್‌ಗೆ ಬನ್ನಿ.

ಸಾಗರ ಪ್ಲಾಂಟ್: ಸಾಗರ ಯಾವಾಗ ಬಯಲುಸೀಮೆ ಆಯ್ತು?

ಶಿವಮೊಗ್ಗ ಲ್ಯಾಬ್: ಸ್ಯಾಂಪಲ್ ಗಟ್ಟಿ ಮಾಡೋಕೆ ಎಷ್ಟು ಸುತ್ತಿಗೆ ಏಟು ಹೊಡೆಸಿದಿರಿ ಅಂತ ಯಾರೂ ಹೇಳ್ತಿಲ್ಲ. ನಾನು ಮೊದಲು 75 ಹೊಡೆದೆ. ಏರ್ ವಾಯ್ಡ್ (ಒಳಗಿನ ಖಾಲಿ ಜಾಗ) ಶೇ. 4, ಒಳಗೆ ನೀರೇ ಹೋಗಲ್ಲ, 88 ಬಂತು. ಏಟು ಇಳಿಸಿ ವಾಯ್ಡ್ 7ಕ್ಕೆ ತಂದೆ, 69! ಸಾಹೇಬರ ಎದುರು ಮಾನ ಹೋಯ್ತು. ವ್ಯಾಕ್ಯೂಮಲ್ಲಿ ವಾಯ್ಡಿನ ಶೇ. 70ರಿಂದ 80 ತುಂಬಿಸಿ, ಫ್ರೀಜರಲ್ಲಿ ಮೈನಸ್ 18 ಡಿಗ್ರಿಗೆ 16 ಗಂಟೆ ಇಡೋದು ಬಿಡದೆ, 60 ಡಿಗ್ರಿ ನೀರಲ್ಲಿ 24 ಗಂಟೆ ಇಟ್ಟು, 25ಕ್ಕೆ ಇಳಿಸಿ ಒಡೆದರೇನೇ ನಂಬೋದು.

ಸಾಗರ ಪ್ಲಾಂಟ್: ಮಲೆನಾಡಲ್ಲಿ ಮೈನಸ್ 18 ಯಾಕೆ? ಇಲ್ಲಿ ಹಿಮ ಬೀಳುತ್ತಾ?

ಶಿವಮೊಗ್ಗ ಲ್ಯಾಬ್: ಹಿಮಕ್ಕಲ್ಲ ಮಾರಾಯ್ರೇ, ಒಳಗಿನ ನೀರು ಉಬ್ಬಿದಾಗ ಡಾಂಬರು ಜಲ್ಲಿ ಬಿಡುತ್ತಾ ಅಂತ ನೋಡೋಕೆ. ಐಸ್‌ಕ್ರೀಮ್ ಅಂಗಡಿಯ ಹಳೇ ಫ್ರೀಜರ್ 9,000ಕ್ಕೆ ತಂದೆ. ಕರೆಂಟ್ ಹೋಗಿ 16 ಗಂಟೆ ತುಂಬದೆ ಮೂರು ಸಲ ಮೊದಲಿಂದ ಮಾಡಿದೆ.

ತೀರ್ಥಹಳ್ಳಿ ಸೈಟ್: ನಮ್ಮದೂ 75 ಏಟೇ. ಹಾಗಾದರೆ 72 ಕೂಡ ಸುಳ್ಳಾ?

ಹೊಸನಗರ ಕಂಟ್ರಾಕ್ಟರ್: ಟೆಸ್ಟ್ ಇರಲಿ, ಚರಂಡಿ ಎಲ್ಲಿದೆ? ಅಡಿಕೆ ತೋಟದ ನೀರೆಲ್ಲ ರಸ್ತೆ ಮೇಲೇ ಹರಿಯುತ್ತೆ.

ಸಾಗರ ಪ್ಲಾಂಟ್: ತೋಟದವರನ್ನು ಎಳೀಬೇಡಿ. ನಮ್ಮ ತೋಟದ ಅಗಳಕ್ಕೆ ಮಣ್ಣು ತುಂಬಿದ್ದೇ ನಿಮ್ಮಂಥ ಕಂಟ್ರಾಕ್ಟರು.