ನೀರಿನ ಇನ್‌ಕ್ಲೂಷನ್‌ಗಳ (ಖನಿಜದೊಳಗೆ ದ್ರವ ಸಿಕ್ಕಿಬಿದ್ದ ಸಣ್ಣ ಕುಳಿಗಳ) ತಾಪ 88ರಿಂದ 152 ಡಿಗ್ರಿವರೆಗೆ ಚದುರಿದೆ, ಯಾವುದನ್ನು ನಂಬಲಿ?

ಕೋರ್‌ಪ್ರಿಯ:
ಬಾವಿ ಕೊರೆದು ತೆಗೆದ ಮರಳುಗಲ್ಲಿನ ಕೋರ್ ತುಂಡು ಇದೆ, ತೈಲ ಅದರೊಳಗೆ ಯಾವಾಗ ಸೇರಿತು ಅಂತ ತಿಳಿಯಬೇಕು. ಯುವಿ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವ ತೈಲದ ಇನ್‌ಕ್ಲೂಷನ್‌ಗಳು ಚೆನ್ನಾಗಿ ಸಿಕ್ಕವು, ಬಿಸಿ ಮಾಡಿದರೆ ಅವುಗಳೊಳಗಿನ ಗುಳ್ಳೆ 65ರಿಂದ 72 ಡಿಗ್ರಿಯೊಳಗೆ ಮಾಯವಾಗುತ್ತದೆ (ಸಿಕ್ಕಿಬಿದ್ದಾಗಿನ ತಾಪಕ್ಕೆ ಅದೇ ಸುಳಿವು). ನೀರಿನವು ಮಾತ್ರ 88ರಿಂದ 152! ಈ ಪದರ ಯಾವತ್ತೂ 115 ಡಿಗ್ರಿ ದಾಟಿಲ್ಲ ಅಂತ ಬರಿಯಲ್ ಮಾಡೆಲ್ (ಪದರ ಯಾವಾಗ ಎಷ್ಟು ಆಳಕ್ಕೆ ಹೂತು ಎಷ್ಟು ಬಿಸಿಯಾಯಿತು ಎಂಬ ಲೆಕ್ಕ) ಹೇಳುತ್ತದೆ, ವಿಟ್ರಿನೈಟ್ (ಬಿಸಿಯಾದಷ್ಟೂ ಹೊಳಪು ಹೆಚ್ಚುವ ಕಲ್ಲಿದ್ದಲಿನಂಥ ಕಣ) ಕೂಡ ಅದನ್ನೇ. ಸ್ಟೇಜ್ (ಮೈಕ್ರೋಸ್ಕೋಪಿನಡಿ ಬಿಸಿ, ತಣ್ಣಗೆ ಮಾಡುವ ತಟ್ಟೆ) ಸರಿಯಾಗಿಯೇ ಇದೆ, ಪರೀಕ್ಷೆಗೆ ಇಟ್ಟ ಕಾರ್ಬನ್ ಡೈಆಕ್ಸೈಡ್ −56.6ಕ್ಕೇ ಕರಗಿತು. ಎಲ್ಲಾ ಸೇರಿಸಿ ಸರಾಸರಿ ತೆಗೆಯಲಾ?

ಸುಣ್ಣಕಲ್ಲು:
ದಯವಿಟ್ಟು ಸರಾಸರಿ ಬೇಡ. ಯಾವ ಖನಿಜದಲ್ಲಿವೆ? ಮೊದಲು ಬಿಸಿ ಮಾಡಿದಿರಾ, ಫ್ರೀಜ್ ಮಾಡಿದಿರಾ?

ಕೋರ್‌ಪ್ರಿಯ:
ಕೆಲವು ಕಣಗಳನ್ನು ಅಂಟಿಸಿರುವ ಕ್ಯಾಲ್ಸೈಟ್ ಸಿಮೆಂಟಿನಲ್ಲಿ, ಉಳಿದವು ಕ್ವಾರ್ಟ್ಜ್ ಕಣಗಳ ಮುಚ್ಚಿಕೊಂಡ ಬಿರುಕುಗಳಲ್ಲಿ. ಉಪ್ಪಿನಂಶ ನೋಡೋಣ ಅಂತ ಮೊದಲು ಫ್ರೀಜ್ ಮಾಡಿದೆ ಸರ್.

ಸುಣ್ಣಕಲ್ಲು:
ಅಲ್ಲೇ ಕೆಟ್ಟಿದೆ ಅನಿಸುತ್ತದೆ. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆ, ಗುಳ್ಳೆ ಸಣ್ಣದಿದ್ದರೆ ಹಿಗ್ಗಲು ಜಾಗ ಇರುವುದಿಲ್ಲ, ಆಗ ಮೆದುವಾದ ಕ್ಯಾಲ್ಸೈಟಿನ ಗೋಡೆಯನ್ನೇ ತಳ್ಳುತ್ತದೆ. ಕುಳಿ ದೊಡ್ಡದಾಯಿತು, ನೀರು ಮಾತ್ರ ಅಷ್ಟೇ ಇದೆ. ಆಮೇಲೆ ಗುಳ್ಳೆ ಮಾಯವಾಗಲು ಜಾಸ್ತಿ ತಾಪ ಬೇಕಾಗುತ್ತದೆ ಅಲ್ವಾ? ಜಾಸ್ತಿ ಬಿಸಿ ಮಾಡಿದರೂ ಇದೇ ಗತಿ. ಹಾಗಾಗಿ ಹೊಸ ವೇಫರ್ (ಕಲ್ಲಿನ ತೆಳು ಚೂರು) ತೆಗೆದುಕೊಳ್ಳಿ, ಅಂಟಿಸುವಾಗ ಹಾಟ್‌ಪ್ಲೇಟ್ ಮೇಲೆ ಇಡಬೇಡಿ. ಮೊದಲು ಬಿಸಿ, ಅದೂ ಕಡಿಮೆ ತಾಪದಿಂದ ನಿಧಾನವಾಗಿ, ಫ್ರೀಜಿಂಗ್ ಕೊನೆಗೆ. ಎಲ್ಲಕ್ಕಿಂತ ಮುಖ್ಯ, ಒಂದೇ ಬಿರುಕಿನ ಸಾಲಿನಲ್ಲಿ ತೈಲ ಮತ್ತು ನೀರು ಎರಡೂ ಇರುವ ಗುಂಪನ್ನು ಹುಡುಕಿ, ಒಟ್ಟಿಗೆ ಸಿಕ್ಕಿಬಿದ್ದದ್ದು ಅವೇ. ಸುಮ್ನೆ ಅಲ್ಲಿಂದ ಒಂದು ಇಲ್ಲಿಂದ ಒಂದು ಅಳೆದರೆ ಬೇರೆ ಬೇರೆ ಕಾಲದ ನೀರು ಬೆರೆತುಹೋಗುತ್ತದೆ.

ತೈಲದ ತಾಪ ಕಡಿಮೆ ಬಂದದ್ದಕ್ಕೆ ಚಿಂತೆ ಬೇಡ. ತೈಲದಲ್ಲಿ ಗ್ಯಾಸ್ ಪೂರ್ತಿ ತುಂಬಿರದಿದ್ದರೆ ಅದರ ಗುಳ್ಳೆ ಸಿಕ್ಕಿಬಿದ್ದ ತಾಪಕ್ಕಿಂತ ಕೆಳಗೇ ಮಾಯವಾಗುತ್ತದೆ. ಜೊತೆಗಿರುವ ನೀರಿನಲ್ಲಿ ಮೀಥೇನ್ ತುಂಬಿದ್ದರೆ ಅದರ ತಾಪವೇ ನಿಜಕ್ಕೆ ಹತ್ತಿರ.

ಕೋರ್‌ಪ್ರಿಯ:
ಹೊಸ ವೇಫರ್‌ನಲ್ಲಿ ಕ್ವಾರ್ಟ್ಜ್‌ನ ಎರಡು ಸಾಲು ಸಿಕ್ಕವು, ಎರಡರಲ್ಲೂ ತೈಲ ಇದೆ. ನೀರು 91ರಿಂದ 97! ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ. ಇದನ್ನು ಮಾಡೆಲ್‌ನ ತಾಪದ ಗೆರೆಗೆ ಹಾಕಿದರೆ ಕಾಲ ಸಿಗುತ್ತದಲ್ವಾ?

ಸುಣ್ಣಕಲ್ಲು:
ಸಿಗುತ್ತದೆ. ಆದರೆ ಪದರ ಆಮೇಲೆ ಮೇಲಕ್ಕೆದ್ದು ತಣ್ಣಗಾಗಿದ್ದರೆ ಗೆರೆ ಆ ತಾಪವನ್ನು ಎರಡು ಸಲ ದಾಟಿರುತ್ತದೆ, ಎರಡು ಕಾಲ ಬರುತ್ತವೆ. ಆ ಬಿರುಕುಗಳು ಕ್ವಾರ್ಟ್ಜ್ ಸಿಮೆಂಟನ್ನೂ ಸೀಳಿವೆಯಾ, ಕಣದ ಅಂಚಿಗೇ ನಿಂತಿವೆಯಾ? ಎರಡರಲ್ಲಿ ಯಾವ ಕಾಲ ಅನ್ನುವುದಕ್ಕೆ ಅದರಿಂದ ಸುಳಿವು ಸಿಗಬಹುದು. ಅದರ ಫೋಟೋ ಹಾಕಿ, ನೋಡೋಣ.